ಐರ್ಲೆಂಡಿನ ಸಹೋದ್ಯೋಗಿಗಳು, ಕ್ಲೈಂಟ್‌ಗಳ ಜೊತೆ ಕೆಲಸ ಮಾಡುವಾಗ ಏನು ಗಮನದಲ್ಲಿಡಬೇಕು?

ಮೊದಲನೆಯದಾಗಿ, ಡಬ್ಲಿನ್‌ನವರನ್ನು ‘ಯುಕೆ ಟೀಮ್’ ಅನ್ನಬೇಡಿ. ಡಬ್ಲಿನ್ ಇರುವ ಐರ್ಲೆಂಡ್ 1922ರಲ್ಲೇ ಬ್ರಿಟನ್ನಿನಿಂದ ಬೇರೆಯಾದ ದೇಶ, ಅಲ್ಲಿ ನಡೆಯುವುದು ಯೂರೋ. ಬೆಲ್‌ಫಾಸ್ಟ್ ಇರುವ ಉತ್ತರ ಐರ್ಲೆಂಡ್ ಮಾತ್ರ ಇಂದಿಗೂ ಯುಕೆಯಲ್ಲಿದೆ. ಆ ರಾಜಕೀಯದ ಸುದ್ದಿ ಎತ್ತದಿದ್ದರೆ ಒಳ್ಳೆಯದು.

ಸರ್, ಮೇಡಂ ಬೇಡ. ಬಾಸನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ಕಷ್ಟ ಇರುವುದು ಆ ಹೆಸರಿನಲ್ಲೇ! ಅಕ್ಷರ ನೋಡಿ ‘ಸಿಯೋಭಾನ್’ ಅಂತ ಓದಿದರೆ ತಪ್ಪು, ಅದು ‘ಶಿವಾನ್’. ‘ನಿಯಾಮ್’ ಅಂತ ಕಂಡದ್ದು ‘ನೀವ್’. ಗೊತ್ತಾಗದಿದ್ದರೆ ಕೇಳಿಬಿಡಿ.

ಮೀಟಿಂಗ್ ಶುರುವಾಗುವ ಮುಂಚೆ ಮಳೆ, ವೀಕೆಂಡ್, ಹರ್ಲಿಂಗ್ (ಕೋಲು, ಚೆಂಡಿನಿಂದ ಆಡುವ ಅಲ್ಲಿನ ಆಟ) ಮ್ಯಾಚು ಅಂತ ಮಾತು ನಡೆಯುತ್ತದೆ. ಸುಮ್ನೆ ಹರಟೆ ಅನ್ನಿಸಬಹುದು, ಆದರೆ ನಂಬಿಕೆ ಹುಟ್ಟುವುದೇ ಅಲ್ಲಿ. ಸ್ವಲ್ಪ ಪರಿಚಯವಾದ ಮೇಲೆ ಕಾಲೆಳೆಯುತ್ತಾರೆ. ಅದು ಸಲಿಗೆ, ಅವಮಾನ ಅಲ್ಲ. ನಿಮ್ಮ ಸಾಧನೆಯನ್ನು ನೀವೇ ಜಾಸ್ತಿ ಹೇಳಿಕೊಂಡರೆ ಮಾತ್ರ ಅವರಿಗೆ ಹಿಡಿಸುವುದಿಲ್ಲ.

ನೇರವಾಗಿ ‘ಆಗಲ್ಲ’ ಅನ್ನುವುದು ಅವರಿಗೂ ಕಷ್ಟ. ನಮ್ಮ ‘ನೋಡೋಣ’ ಇದೆಯಲ್ವಾ, ಹಾಗೇ. ‘ಗ್ರ್ಯಾಂಡ್’ ಅಂದರೆ ಅದ್ಭುತ ಅಂತಲ್ಲ, ‘ಸರಿ, ಪರವಾಗಿಲ್ಲ’ ಅಂತ. ಅದನ್ನೇ ಒಪ್ಪಿಗೆ ಅಂದುಕೊಳ್ಳದೆ ತೀರ್ಮಾನ, ತಾರೀಖು ಎರಡನ್ನೂ ಮೇಲ್‌ನಲ್ಲಿ ಖಚಿತ ಮಾಡಿಕೊಳ್ಳಿ. ಹಾಂ, ‘ಹಾಫ್ ಫೋರ್’ ಅಂದರೆ ನಾಲ್ಕೂವರೆ, ಮೂರೂವರೆ ಅಲ್ಲ.

ಪಬ್‌ಗೆ ಕರೆದರೆ ಹೋಗಿ, ಕುಡಿಯಲೇಬೇಕೆಂದಿಲ್ಲ. ಆದರೆ ಸರದಿಯಂತೆ ಒಬ್ಬೊಬ್ಬರು ಎಲ್ಲರಿಗೂ ಕೊಡಿಸುವ ಪದ್ಧತಿ ಇದೆ. ನೀವು ಬರೀ ಜ್ಯೂಸ್ ತಗೊಂಡಿದ್ದರೂ ನಿಮ್ಮ ಸರದಿ ಬಂದಾಗ ಜಾರಿಕೊಳ್ಳಬೇಡಿ.