ನಡೆದರೆ ಹಾಲ್ ಅದುರುತ್ತದೆ, ಮೋಲ್ಡ್ ಬೀಳಬಹುದಾ?

ತುಮಕೂರಿನ ಎಸ್.ಎಸ್. ಪುರಂನಲ್ಲಿ ಮೊದಲ ಮಹಡಿಗೆ ಬಾಡಿಗೆಗೆ ಬಂದಿದ್ದೀರಿ, ಮಕ್ಕಳು ಓಡಾಡಿದರೆ ಚೊಂಬಿನ ನೀರು ಅಲುಗುತ್ತದೆ, ಶೋಕೇಸಿನ ಗಾಜು ಗಲಗಲ ಅನ್ನುತ್ತದೆ, ಭಯವಾಗುತ್ತಿದೆ ಅಂತ ಕೇಳಿದ್ದೀರಿ. ನಾನು ಇದೇ ಊರಲ್ಲಿ ಸ್ಟ್ರಕ್ಚರಲ್ ಇಂಜಿನಿಯರ್. ಅದುರಿದ ಮಾತ್ರಕ್ಕೆ ಮೋಲ್ಡ್, ಅಂದರೆ ನಿಮ್ಮ ಕಾಲಡಿಯ ಕಾಂಕ್ರೀಟ್ ಚಾವಣಿ, ಬೀಳುವುದಿಲ್ಲ. ಭಾರ ಹೊರುವ ಶಕ್ತಿ ಬೇರೆ, ಅಲುಗದೆ ನಿಲ್ಲುವ ಬಿಗಿ ಬೇರೆ. ಮಿಲಿಮೀಟರಿನ ಹತ್ತನೇ ಒಂದು ಭಾಗ ಅಲುಗಿದರೂ ನಮ್ಮ ಮೈಗೆ ಗೊತ್ತಾಗುತ್ತದೆ. ಮನೆಯ ಮೋಲ್ಡಿಗೆ ಚದರ ಮೀಟರಿಗೆ 200 ಕಿಲೋ ಓಡಾಟದ ಭಾರ ಹಿಡಿದು ಲೆಕ್ಕ ಹಾಕುತ್ತೇವೆ. ಮಕ್ಕಳ ಓಟ ಅದರ ಮುಂದೆ ಏನೂ ಅಲ್ಲ.

ಹಾಗಾದರೆ ಯಾಕೆ ಅದುರುತ್ತದೆ? ನಾವು ಸೆಕೆಂಡಿಗೆ ಸುಮಾರು 2 ಹೆಜ್ಜೆ ಇಡುತ್ತೇವೆ. ಪ್ರತಿ ಮೋಲ್ಡಿಗೂ ತನ್ನದೇ ಒಂದು ಕಂಪನದ ವೇಗ ಇರುತ್ತದೆ. 12 ಅಡಿ ರೂಮಿನ 5 ಇಂಚು ಮೋಲ್ಡು ಸೆಕೆಂಡಿಗೆ 10ಕ್ಕಿಂತ ಜಾಸ್ತಿ ಸಲ ಅಲುಗುತ್ತದೆ, ಹೆಜ್ಜೆಗೂ ಅದಕ್ಕೂ ತಾಳ ಕೂಡುವುದಿಲ್ಲ. ದಪ್ಪ ಅಷ್ಟೇ ಇಟ್ಟು ಗೋಡೆಯಿಂದ ಗೋಡೆಗಿರುವ ಉದ್ದ ಎರಡರಷ್ಟು ಮಾಡಿದರೆ ಈ ವೇಗ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಉದ್ದನೆಯ ಹಾಲಿನಲ್ಲಿ ವೇಗ ಸೆಕೆಂಡಿಗೆ 6 ಸಲದ ಹತ್ತಿರಕ್ಕೆ ಬಂತು ಅಂತಿಟ್ಟುಕೊಳ್ಳಿ. ಆಗ ಪ್ರತಿ ಮೂರನೇ ಅಲುಗಾಟಕ್ಕೆ ಸರಿಯಾಗಿ ಒಂದು ಹೆಜ್ಜೆ ಬೀಳುತ್ತದೆ, ಉಯ್ಯಾಲೆಯನ್ನು ಹೊತ್ತು ನೋಡಿ ತಳ್ಳಿದ ಹಾಗೆ. ನಮ್ಮ ಕಡೆ ಹಳೇ ಚಪ್ಪಡಿ ಕಲ್ಲಿನ ಮನೆಗಳಲ್ಲಿ ಗೋಡೆಗಳು ಹತ್ತಿರ ಹತ್ತಿರ ಇರುತ್ತವೆ, ಅಲ್ಲಿ ಈ ತೊಂದರೆ ಕಾಣುವುದೇ ಅಪರೂಪ.

ನನಗೆ ನಿಜವಾಗಿ ಚಿಂತೆ ಇರುವುದು ನಿಮ್ಮ ಕೆಳಗಿನ ಮನೆಯ ಬಗ್ಗೆ. ಇವತ್ತೇ ಕೆಳಗೆ ಹೋಗಿ ನೋಡಿ. ಅಂಗಡಿಗೋ ಗೋಡೌನಿಗೋ ಅಂತ ನಡುವಿನ ಗೋಡೆ ಒಡೆದಿದ್ದಾರಾ? ಮೋಲ್ಡ್ ಹಾಕುವಾಗ ಗೋಡೆ ಬರುವ ಕಡೆ ಕಂಬಿಯನ್ನು ಕ್ರ್ಯಾಂಕ್ ಮಾಡಿ, ಅಂದರೆ ಓರೆಯಾಗಿ ಬಗ್ಗಿಸಿ, ಮೇಲೆ ಎತ್ತಿರುತ್ತಾರೆ, ಯಾಕೆಂದರೆ ಅಲ್ಲಿ ಎಳೆತ ಮೇಲ್ಭಾಗಕ್ಕೆ. ಆ ಗೋಡೆ ತೆಗೆದರೆ ಅದೇ ಜಾಗ ಮೋಲ್ಡಿನ ಮಧ್ಯ ಆಗುತ್ತದೆ. ಎಳೆತ ಕೆಳಕ್ಕೆ ಬರುತ್ತದೆ, ಕೆಳಗೆ ಸಾಕಷ್ಟು ಕಂಬಿಯೇ ಇರುವುದಿಲ್ಲ. ಹೀಗೆ ಒಡೆದ ಒಂದು ಮನೆಯಲ್ಲಿ ಹಳೇ ಗೋಡೆ ಇದ್ದ ಗೆರೆಯ ಉದ್ದಕ್ಕೂ ಸೀಲಿಂಗ್ ಸೀಳಿದ್ದನ್ನು ನೋಡಿದ್ದೇನೆ, ಬೆರಳಿನ ಉಗುರು ಒಳಗೆ ಹೋಗುವಷ್ಟು. ಅಲ್ಲಿ ಅದುರುವುದು ಬರೀ ಕಿರಿಕಿರಿ ಅಲ್ಲ, ಮುನ್ಸೂಚನೆ.

ಗೋಡೆ ಒಡೆದಿಲ್ಲ, ಬಿರುಕಿಲ್ಲ, ಕಂಬಿ ತುಕ್ಕು ಹಿಡಿದು ಗಾರೆ ಉದುರಿಲ್ಲ, ಮೊದಲಿಂದಲೂ ಅದುರುವುದು ಇಷ್ಟೇ ಅಂದರೆ ನೆಮ್ಮದಿಯಾಗಿರಿ. ಶೋಕೇಸನ್ನು ಹಾಲಿನ ಮಧ್ಯದಿಂದ ಗೋಡೆ ಪಕ್ಕಕ್ಕೆ ತಳ್ಳಿ, ಅಲ್ಲಿ ಅಲುಗಾಟ ಕಡಿಮೆ. ಕಾರ್ಪೆಟ್ ಹಾಸಿದರೆ ಸದ್ದು ತಗ್ಗುತ್ತದೆ, ಅದುರುವುದು ತಗ್ಗುವುದಿಲ್ಲ. ಮೇಲೆ ಇನ್ನೊಂದು ಪದರ ಕಾಂಕ್ರೀಟ್ ಸುರಿಯೋಣ ಅಂತ ಮೇಸ್ತ್ರಿ ಹೇಳಿದರೆ ದಯವಿಟ್ಟು ಬೇಡ ಅನ್ನಿ. ಸುಮ್ನೆ ಭಾರ ಏರುತ್ತದೆ. ಓನರ್ ಖರ್ಚು ಮಾಡಲು ಒಪ್ಪಿದರೆ, ಇಂಜಿನಿಯರ್ ಒಬ್ಬರಿಂದ ಲೆಕ್ಕ ಹಾಕಿಸಿ ಕೆಳಗಿನಿಂದ ಕಬ್ಬಿಣದ ಐ ಸೆಕ್ಷನ್ (ಇಂಗ್ಲಿಷ್ I ಆಕಾರದ) ಬೀಮ್ ಕೊಡಿಸಬಹುದು. ಬೀಮಿಗೂ ಮೋಲ್ಡಿಗೂ ನಡುವೆ ಕೂದಲೆಳೆ ಸಂದೂ ಉಳಿಯದ ಹಾಗೆ ಗ್ರೌಟ್ (ಸಂದಿಗೆ ತುಂಬುವ ತೆಳು ಗಾರೆ) ತುಂಬಿಸಬೇಕು. ಅಲುಗಾಟವೇ ಅಷ್ಟು ಸಣ್ಣದು, ಸಂದು ಉಳಿದರೆ ಬೀಮ್ ಇದ್ದೂ ಇಲ್ಲದ ಹಾಗೆ.

ಗೋಡೆ ಒಡೆದಿರುವುದು ನಿಜವಾದರೆ ಮಾತ್ರ ಓನರ್ ಜೊತೆ ಚೌಕಾಸಿ ಮಾಡುತ್ತಾ ಕೂರಬೇಡಿ. ಮೊದಲು ಹಳೇ ಗೋಡೆ ಇದ್ದ ಗೆರೆಯ ಕೆಳಗೆ ಜಾಕಿ (ತಾತ್ಕಾಲಿಕ ಆಸರೆ ಕಂಬ) ಕೊಡಿಸಿ, ಇಂಜಿನಿಯರ್ ಬಂದು ನೋಡುವ ತನಕ ಹಾಲ್‌ನಲ್ಲಿ ಮಕ್ಕಳನ್ನು ಬಿಡಬೇಡಿ.