ಸಂಗೀತ, ಸ್ನೇಹದ ಬಗ್ಗೆ ಮನಸ್ಸಿಗೆ ತಟ್ಟುವ ಒಂದು ಸಿನಿಮಾ ಹೇಳಿ?

2007ರ ಐರಿಶ್ ಸಿನಿಮಾ ‘ಒನ್ಸ್’ ನೋಡಿ. ನಿರ್ದೇಶಕ ಜಾನ್ ಕಾರ್ನಿ. ಕಥಾನಾಯಕ ಡಬ್ಲಿನ್ ಬೀದಿಯಲ್ಲಿ ಗಿಟಾರ್ ಹಿಡಿದು ಹಾಡುತ್ತಾನೆ, ಅಪ್ಪನ ಅಂಗಡಿಯಲ್ಲಿ ವ್ಯಾಕ್ಯೂಮ್ ಕ್ಲೀನರ್ ರಿಪೇರಿ ಮಾಡುತ್ತಾನೆ. ನಾಯಕಿ ಜೆಕ್ ದೇಶದಿಂದ ಬಂದು ಹೂ ಮಾರುವವಳು. ತನ್ನ ಕೆಟ್ಟುಹೋದ ಕ್ಲೀನರನ್ನು ನಾಯಿಮರಿ ಥರ ಎಳೆದುಕೊಂಡೇ ಅವನ ಜೊತೆ ನಡೆಯುತ್ತಾಳೆ! ಅವಳಿಗೆ ಸ್ವಂತ ಪಿಯಾನೊ ಇಲ್ಲ, ವಾದ್ಯಗಳ ಅಂಗಡಿಯೊಂದಕ್ಕೆ ಹೋಗಿ ನುಡಿಸುತ್ತಾಳೆ. ಅಲ್ಲೇ ಅವನು ತನ್ನ ಹಾಡು ಹೇಳಿಕೊಡುತ್ತಾನೆ. ಮೊದಲು ಸ್ವಲ್ಪ ಅಳುಕು, ಆಮೇಲೆ ಇಬ್ಬರ ದನಿ ಮೆಲ್ಲಗೆ ಸೇರಿಕೊಳ್ಳುತ್ತದೆ. ಸಿನಿಮಾದ ಜೀವವೇ ಆ ದೃಶ್ಯ. ಹಾಡಿಗೆ ಆಸ್ಕರ್ ಕೂಡ ಬಂತು. ನಟಿಸಿದ ಗ್ಲೆನ್ ಹ್ಯಾನ್ಸರ್ಡ್, ಮಾರ್ಕೆಟಾ ಇರ್ಗ್ಲೋವಾ ನಿಜಕ್ಕೂ ಸಂಗೀತಗಾರರೇ, ಹಾಡೂ ಅವರದ್ದೇ. ಪ್ರೇಮಕಥೆ ಅಂತ ಜಾಸ್ತಿ ನಿರೀಕ್ಷೆ ಬೇಡ. ಪಾತ್ರಗಳಿಗೆ ಕೊನೆವರೆಗೂ ಹೆಸರೇ ಇಲ್ಲ, ನನಗಂತೂ ಅದು ಕೊರತೆ ಅನ್ನಿಸಲಿಲ್ಲ.