ಶ್ಯಾಕಲ್‌ಟನ್ ಕತೆಗೆ ಒಂದು ತಕ್ಕಡಿ, ಒಂದು ಹಗ್ಗ

ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಅಂಟಾರ್ಕ್ಟಿಕ ಯಾತ್ರೆಯ ನಾಯಕ ಅರ್ನೆಸ್ಟ್ ಶ್ಯಾಕಲ್‌ಟನ್ ಕತೆ ಬೇಸರ ಬರದ ಹಾಗೆ ಹೇಗೆ ಹೇಳಲಿ, ಅವರ ತಂಡ ಜಾರುಬಂಡಿ ಎಳೆಯುವ ನಾಯಿಗಳನ್ನು ಕೊಂದ ವಿಷಯ ಬಿಡಲಾ ಅಂತ ಕೇಳಿದ್ದೀರಿ.

ಹುಟ್ಟಿದ ಊರು, ವರ್ಷದಿಂದ ಶುರು ಮಾಡಬೇಡಿ. ನೇರ 1915ಕ್ಕೆ ಹೋಗಿ. ಅಂಟಾರ್ಕ್ಟಿಕದ ವೆಡೆಲ್ ಸಮುದ್ರದಲ್ಲಿ ಎಂಡ್ಯೂರೆನ್ಸ್ ಹಡಗು ಮಂಜುಗಡ್ಡೆಗೆ ಸಿಕ್ಕಿ ನಜ್ಜುಗುಜ್ಜಾಗುತ್ತಿದೆ. 28 ಜನ ಇಳಿಯಲೇಬೇಕು. ಒಬ್ಬೊಬ್ಬರಿಗೆ ಸ್ವಂತ ಸಾಮಾನು 2 ಪೌಂಡ್, ಅಂದರೆ ಸುಮಾರು 900 ಗ್ರಾಂ ಮಾತ್ರ!

ಇಲ್ಲಿ ಕತೆ ನಿಲ್ಲಿಸಿ, ತಕ್ಕಡಿ ಇಡಿ. ಮಕ್ಕಳು ಅವರವರ ಬ್ಯಾಗಿನಿಂದ 900 ಗ್ರಾಂ ಆರಿಸಲಿ. ನನ್ನ ಮಗಳು ಟಿಫಿನ್ ಡಬ್ಬಿ ತೆಗೆದಿಟ್ಟು ಅಜ್ಜಿ ಹೊಲಿದ ಬಟ್ಟೆ ಬೊಂಬೆ ಇಟ್ಟುಕೊಂಡಳು. ಆಮೇಲೆ ಹೇಳಿ: ಶ್ಯಾಕಲ್‌ಟನ್ ತಮ್ಮ ಚಿನ್ನದ ನಾಣ್ಯಗಳನ್ನೇ ಮಂಜಿನ ಮೇಲೆ ಎಸೆದರು, ಆದರೆ ತಂಡದ ಹಸ್ಸಿ ಅನ್ನುವವರ ಬ್ಯಾಂಜೊ ಅನ್ನುವ ತಂತಿವಾದ್ಯ ಮಾತ್ರ ಬಿಡಲಿಲ್ಲ. ಯಾಕಿರಬಹುದು? ಮಕ್ಕಳೇ ಹೇಳುತ್ತಾರೆ, ನೋಡಿ.

ಹಡಗು ಹೋದ ಮೇಲೆ ಎಲ್ಲರೂ ಎಲಿಫೆಂಟ್ ದ್ವೀಪ ಸೇರಿದರು; ಅಲ್ಲಿಂದ ಆರು ಜನ ಸಹಾಯ ತರಲು ಜೇಮ್ಸ್ ಕೇರ್ಡ್ ಅನ್ನುವ ಸಣ್ಣ ದೋಣಿಯಲ್ಲಿ ಹೊರಟರು. ಆ ದೋಣಿಗೆ 22 ಅಡಿ ಹಗ್ಗ ನೆಲದ ಮೇಲೆ ಹಾಸಿ, ಆರು ಮಕ್ಕಳನ್ನು ಕೂರಿಸಿ. ಅಷ್ಟರಲ್ಲೇ ಆರು ಜನ ಸುಮಾರು 1,300 ಕಿಲೋಮೀಟರ್ ದಾಟಿ ಸೌತ್ ಜಾರ್ಜಿಯಾ ದ್ವೀಪ ಮುಟ್ಟಿದ್ದು. ಎಲಿಫೆಂಟ್ ದ್ವೀಪದಲ್ಲಿ ಕಾಯುತ್ತಿದ್ದ 22 ಜನರನ್ನು 1916ರ ಆಗಸ್ಟ್ 30ರಂದು ಕರೆತಂದರು.

ನಾಯಿಗಳ ವಿಷಯ ಮುಚ್ಚಿಡಬೇಡಿ. ಊಟ ಸಾಲದೆ ಕೊಂದರು, ಅವರಿಗೂ ಸಂಕಟವಾಯಿತು ಅಂತ ಹೇಳಿದರೆ ಸಾಕು. ಮತ್ತೆ, 'ಯಾರೂ ಸಾಯಲಿಲ್ಲ' ಅನ್ನಬೇಡಿ. ಆ 28 ಜನ ಉಳಿದರು, ನಿಜ. ಆದರೆ ಅದೇ ಯಾತ್ರೆಗೆ ಅಂಟಾರ್ಕ್ಟಿಕದ ಇನ್ನೊಂದು ಬದಿಗೆ ಹೋಗಿದ್ದ ರಾಸ್ ಸಮುದ್ರದ ತಂಡದಲ್ಲಿ ಮೂವರು ತೀರಿಕೊಂಡರು.